ಬಚ್ಚಲ ಒಲೆಯ ಬೂದಿಯಿಂದ ಸೋಪು: ಎರಡೂವರೆ ತಿಂಗಳ ಲೆಕ್ಕ

ಇದು ಶುರುವಾದದ್ದು ಹಾಳಾದ ಎಣ್ಣೆಯಿಂದ. ಮೇ ತಿಂಗಳಲ್ಲಿ ಮನೆಯ ಕೊಬ್ಬರಿಯನ್ನು ಮಿಲ್ಲಿಗೆ ಕೊಟ್ಟು ಎಣ್ಣೆ ಮಾಡಿಸಿದ್ದೆವು. ಒಂದು ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಮಳೆಗಾಲದ ತೇವ ಒಳಗೆ ಹೋಗಿ, ಅಕ್ಟೋಬರ್ ಹೊತ್ತಿಗೆ ಕಮಟು ವಾಸನೆ. ತೂಗಿದರೆ 6 ಕೆ.ಜಿ. ಇತ್ತು. ಅಡುಗೆಗೆ ಆಗದು, ತಲೆಗೂ ಆಗದು. ಚೆಲ್ಲೋಣ ಅಂದರೆ ಅತ್ತೆಗೆ ಮನಸ್ಸಿಲ್ಲ, ನನಗೂ ಇಲ್ಲ. ಸೋಪು ಮಾಡೋಣ ಅಂದುಕೊಂಡೆ.

ಅಂಗಡಿಯಿಂದ ಕಾಸ್ಟಿಕ್ ಸೋಡಾ (ಎಣ್ಣೆಯನ್ನು ಸೋಪಾಗಿಸುವ ಕ್ಷಾರ) ತಂದರೆ ಒಂದು ಗಂಟೆಯ ಕೆಲಸ. ಆದರೆ ನಮ್ಮಲ್ಲಿ ಸ್ನಾನದ ನೀರಿಗೆ ಈಗಲೂ ಹಂಡೆ ಒಲೆ. ತೆಂಗಿನ ಸಿಪ್ಪೆ, ಮಡಲು, ಅಡಿಕೆ ಸಿಪ್ಪೆ ಉರಿದು ದಿನಾ ಬೂದಿ ಬೀಳುತ್ತದೆ. ಆ ಬೂದಿಯಿಂದಲೇ ಮಾಡಬೇಕು ಅನ್ನುವ ಆಸೆ. ಅತ್ತೆ ಚಿಕ್ಕವರಿದ್ದಾಗ ಬಟ್ಟೆಯನ್ನು ಬೂದಿ ನೀರಿನಲ್ಲಿ ನೆನೆಸಿ, ಕುದಿಸಿ ಒಗೆಯುತ್ತಿದ್ದರಂತೆ. ಘಟ್ಟದ ಮೇಲೆ ಮಡಿವಾಳರು ಚೌಳು ಮಣ್ಣು ಹಾಕಿ ಉಬ್ಬೆ ಇಡುತ್ತಿದ್ದ, ಅಂದರೆ ಬಟ್ಟೆಯನ್ನು ಆವಿಯಲ್ಲಿ ಬೇಯಿಸುತ್ತಿದ್ದ ಹಾಗೆ. ಆದರೆ ಬೂದಿ ನೀರಿಗೆ ಎಣ್ಣೆ ಸೇರಿಸಿ ಸೋಪು ಮಾಡಿದ್ದನ್ನು ಅವರೂ ನೋಡಿಲ್ಲ. ಹಾಗಾಗಿ ಎಲ್ಲವನ್ನೂ ನಾವೇ ಮಾಡಿ ನೋಡಬೇಕಾಯಿತು.

ನವೆಂಬರ್ 16: ಬೂದಿ ನೀರು ಇಳಿಸಿದ್ದು

ಒಂದು ತಿಂಗಳ ಬೂದಿಯನ್ನು ಮೊದಲೇ ಒಣ ಡ್ರಮ್ಮಿನಲ್ಲಿ ಕೂಡಿಟ್ಟಿದ್ದೆ. ಜರಡಿ ಹಿಡಿದ ಮೇಲೆ 6 ಕೆ.ಜಿ. ಸಿಕ್ಕಿತು. ಜರಡಿಯ ಮೇಲೆ ಉಳಿದದ್ದು ಇದ್ದಿಲು, ಎರಡು ಮೊಳೆ, ಕರಗಿ ಗಂಟಾದ ಪ್ಲಾಸ್ಟಿಕ್. ಒಲೆಗೆ ಹಾಲಿನ ತೊಟ್ಟೆ ಹಾಕಬೇಡಿ ಅಂತ ಮನೆಯಲ್ಲಿ ಎಲ್ಲರಿಗೂ ಆ ದಿನವೇ ಹೇಳಿದೆ. ಬೂದಿ ಬೆಳ್ಳಗಿರಬೇಕು, ಮಳೆಯಲ್ಲಿ ನೆನೆದಿರಬಾರದು. ನೆನೆದ ಬೂದಿಯ ಸತ್ವ ಆಗಲೇ ಮಣ್ಣಿಗೆ ಇಳಿದಿರುತ್ತದೆ.

20 ಲೀಟರಿನ ಹಳೆ ಪೇಂಟ್ ಬಕೆಟ್ಟಿನ ಅಡಿಗೆ ಐದು ತೂತು ಕೊರೆದೆ. ಒಳಗೆ ನಾಲ್ಕು ಬೆರಳು ಸಣ್ಣ ಕಲ್ಲು, ಅದರ ಮೇಲೆ ತೆಂಗಿನ ನಾರು, ಅದರ ಮೇಲೆ ಹಳೆ ಪಂಚೆಯ ತುಂಡು, ಆಮೇಲೆ ಬೂದಿ. ಕೆಳಗೆ ಇನ್ನೊಂದು ಬಕೆಟ್. ಬಾವಿಯ ನೀರು ಕಾಯಿಸಿ ಒಟ್ಟು 12 ಲೀಟರ್ ಸುರಿದೆ.

ಮೊದಲ ತಪ್ಪು ಇಲ್ಲಿಯೇ. ಬೂದಿಯನ್ನು ಒತ್ತಿ ಒತ್ತಿ ತುಂಬಿದ್ದೆ. ನೀರು ಮೇಲೆಯೇ ನಿಂತಿತು. ಸಂಜೆಯವರೆಗೆ ಕಾದರೂ ಕೆಳಗೆ ಅರ್ಧ ಲೋಟ. ಕೋಲಿನಿಂದ ಬೂದಿ ಸಡಿಲ ಮಾಡಿದ ಮೇಲೆ ಹನಿಯಲು ಶುರುವಾಯಿತು. ಮರುದಿನ ಬೆಳಿಗ್ಗೆ 7 ಲೀಟರ್ ಸಿಕ್ಕಿತು. ತೆಳು ಚಹಾದ ಬಣ್ಣ. ಬೆರಳಿಗೆ ಜಾರುತ್ತದೆ. (ಬರಿಗೈಯಲ್ಲಿ ಮುಟ್ಟಿದ್ದು ಆ ಒಂದು ಸಲ ಮಾತ್ರ. ಅಷ್ಟಕ್ಕೇ ಚರ್ಮ ಒಣಗಿ ಉರಿಯಿತು. ಕೈಗವಸು ಹಾಕಿಕೊಂಡೇ ಶುರು ಮಾಡಿ.)

ಬೂದಿ ನೀರು ಎಷ್ಟು ಗಟ್ಟಿ ಅಂತ ನೋಡಲು ಕೋಳಿಮೊಟ್ಟೆ ತೇಲಿಸುತ್ತಾರೆ. ನಮ್ಮ ಮನೆಗೆ ಮೊಟ್ಟೆ ತರುವುದಿಲ್ಲ. ಆಲೂಗಡ್ಡೆಯೂ ಆಗುತ್ತದೆ. ನಮ್ಮದು ಮುಳುಗಿತು. ಅಂದರೆ ನೀರು ತೆಳು, ಬತ್ತಿಸಬೇಕು.

ನವೆಂಬರ್ 17: ಬತ್ತಿಸಿದ್ದು, ಪಾತ್ರೆ ಕೆಟ್ಟದ್ದು

ದೊಡ್ಡ ಅಲ್ಯೂಮಿನಿಯಂ ಪಾತ್ರೆ ಖಾಲಿ ಇತ್ತು, ಅದನ್ನೇ ಒಲೆಗೆ ಇಟ್ಟೆ. ಇಡಬಾರದಿತ್ತು. ಕುದಿ ಬರುವ ಮೊದಲೇ ಗೋಡೆಯಿಂದ ಸಣ್ಣ ಗುಳ್ಳೆ ಏಳತೊಡಗಿತು. ಕೆಳಗಿಳಿಸಿ ನೋಡಿದರೆ ಪಾತ್ರೆಯ ಒಳಭಾಗವೆಲ್ಲ ಕಪ್ಪು. ಬೂದಿ ನೀರು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಆ ಪಾತ್ರೆ ಈಗ ಗಿಡಕ್ಕೆ ನೀರು ಹಾಕಲು. ಕಬ್ಬಿಣದ ಬಾಣಲೆ ಅಥವಾ ಸ್ಟೀಲ್ ಮಾತ್ರ ಬಳಸಿ.

ಕಬ್ಬಿಣದ ಬಾಣಲೆಯಲ್ಲಿ ಮೂರೂವರೆ ಗಂಟೆ ಕುದಿಸಿದೆ. 7 ಲೀಟರ್ ಬತ್ತಿ 2.5 ಲೀಟರ್ ಆಯಿತು. ಈಗ ಆಲೂಗಡ್ಡೆ ತೇಲಿತು, ಹತ್ತು ರೂಪಾಯಿ ನಾಣ್ಯದಷ್ಟು ಭಾಗ ನೀರಿನ ಮೇಲೆ. ತಕ್ಕಡಿಯಲ್ಲೂ ತೂಗಿದೆ. 100 ಮಿ.ಲೀ. ಬೂದಿ ನೀರು 114 ಗ್ರಾಂ ಬಂತು. ಆಲೂಗಡ್ಡೆಗಿಂತ ನನಗೆ ಈ ತೂಕದ ಮೇಲೆ ನಂಬಿಕೆ ಜಾಸ್ತಿ. ಪ್ರತಿ ಸಲ ಒಂದೇ ಅಳತೆಗೆ ಬತ್ತಿಸಬಹುದು.

ನವೆಂಬರ್ 18: ಮೊದಲ ಸಲ, ಸೋಪಾಗಲಿಲ್ಲ

500 ಗ್ರಾಂ ಎಣ್ಣೆ, 1 ಲೀಟರ್ ಬೂದಿ ನೀರು, ಸಣ್ಣ ಉರಿ. ಹತ್ತು ನಿಮಿಷಕ್ಕೇ ಹಾಲಿನ ಹಾಗೆ ಬೆಳ್ಳಗಾಯಿತು, ನೊರೆಯೂ ಬಂತು. ಆಗಿಯೇ ಹೋಯಿತು ಅಂದುಕೊಂಡೆ. ಗಟ್ಟಿಯಾಗಲಿ ಅಂತ ಐದು ಗಂಟೆ ತೊಳಸಿದೆ. ನೀರು ಕಡಿಮೆಯಾದಾಗ ಸ್ವಲ್ಪ ಸ್ವಲ್ಪ ಸೇರಿಸಿದೆ. ರಾತ್ರಿ ಮುಚ್ಚಿಟ್ಟು ಮಲಗಿದೆ.

ಬೆಳಿಗ್ಗೆ ನೋಡಿದರೆ ಮೇಲೆ ಎಣ್ಣೆ ಬೇರೆ, ಕೆಳಗೆ ಕಂದು ನೀರು ಬೇರೆ. ಮಧ್ಯೆ ಒಂದು ತೆಳು ಪದರ ಮಾತ್ರ ಸೋಪಿನ ಹಾಗೆ ಇತ್ತು.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರಿಗೆ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಸುಣ್ಣ ಹಾಕಿದೆಯಾ ಅಮ್ಮ?" ಹಾಕಿರಲಿಲ್ಲ. ಬರೀ ಬೂದಿ ನೀರಿಗೆ ಕೊಳೆ ತೆಗೆಯುವಷ್ಟು ಶಕ್ತಿ ಇದೆ, ಎಣ್ಣೆಯನ್ನು ಒಡೆಯುವಷ್ಟು ಇಲ್ಲ. ಸುಣ್ಣ ಹಾಕಿ ಕುದಿಸಿದರೆ ಅದು ಖಾರವಾಗುತ್ತದೆ, ಅಂದರೆ ಕ್ಷಾರದ ಬಲ ಹೆಚ್ಚುತ್ತದೆ. ಮೊದಲು ನೊರೆ ಬಂದದ್ದು ಎಣ್ಣೆ ಹಳಸಿದ್ದರಿಂದ. ಹಳಸಿದ ಎಣ್ಣೆಯ ಒಂದು ಪಾಲು ಆಗಲೇ ಒಡೆದಿರುತ್ತದೆ, ಅಷ್ಟು ಪಾಲನ್ನು ಬರೀ ಬೂದಿ ನೀರೂ ಸೋಪು ಮಾಡುತ್ತದೆ. ನಾನು ಮೋಸ ಹೋದದ್ದು ಅಲ್ಲಿ.

ನವೆಂಬರ್ 24: ಸುಣ್ಣದ ಪರೀಕ್ಷೆ

ಉಳಿದ 1.5 ಲೀಟರ್ ಬೂದಿ ನೀರಿನಲ್ಲಿ ಎರಡು ಪರೀಕ್ಷೆ ಮಾಡಿದೆ. ಸುಣ್ಣ ಕೆಲಸ ಮಾಡಿತೋ ಇಲ್ಲವೋ ಅಂತ ನೋಡುವುದು ಸುಲಭ. ತಿಳಿ ನೀರನ್ನು ಒಂದು ಚಮಚ ತೆಗೆದು ಗಾಜಿನ ಲೋಟಕ್ಕೆ ಹಾಕಿ, ಅದು ಹುಳಿಯಾಗುವವರೆಗೆ ನಿಂಬೆರಸ ಹಿಂಡಬೇಕು. ಬುಸ್ ಅಂತ ನೊರೆ ಎದ್ದರೆ ಇನ್ನೂ ಆಗಿಲ್ಲ. ಸುಮ್ಮನೆ ಇದ್ದರೆ ಆಗಿದೆ.

ಅರ್ಧ ಲೀಟರಿಗೆ ಗೋಡೆಗೆ ಬಳಿದು ಉಳಿದಿದ್ದ ಹಳೆ ಸುಣ್ಣ ಹಾಕಿದೆ. ಎರಡು ವರ್ಷ ತೆರೆದಿಟ್ಟದ್ದು. ಜೋರಾಗಿ ಬುಸ್ ಅಂದಿತು. ಗಾಳಿಗೆ ಬಿದ್ದ ಸುಣ್ಣ ಸತ್ತು ಹೋಗಿರುತ್ತದೆ.

ಒಂದು ಲೀಟರಿಗೆ ಹೊಸದಾಗಿ ತಂದ ಚಿಪ್ಪಿನ ಸುಣ್ಣದ ಪುಡಿ ಹಾಕಿ ಅರ್ಧ ಗಂಟೆ ಕುದಿಸಿದೆ. ಕಡಿಮೆಯಾಯಿತು, ಆದರೆ ನಿಲ್ಲಲಿಲ್ಲ. ಇನ್ನೂ ಸುಣ್ಣ ಹಾಕಿದೆ. ಆಗಲೂ ನಿಲ್ಲಲಿಲ್ಲ. ಮೇಷ್ಟ್ರು ಬಂದು ನೋಡಿ, "ನೀರು ತುಂಬ ಗಟ್ಟಿ ಇದೆ. ತೆಳ್ಳಗಿರುವಾಗ ಸುಣ್ಣ ಹಾಕು, ಆಮೇಲೆ ಬತ್ತಿಸು" ಅಂದರು. ನಾನು ಮಾಡಿದ್ದು ಸರಿ ಉಲ್ಟಾ. ಈ ಬರಹದಲ್ಲಿ ಬೇರೇನು ಮರೆತರೂ ಪರವಾಗಿಲ್ಲ, ಇದೊಂದನ್ನು ನೆನಪಿಡಿ. ನನಗೆ ಇದು ಗೊತ್ತಿದ್ದರೆ ಎರಡು ವಾರ ಉಳಿಯುತ್ತಿತ್ತು.

ಆ ನೀರನ್ನು ಚೆಲ್ಲಲಿಲ್ಲ. ಹಳೆ ಕಾಲೊರಸು, ಗೋಣಿಗಳನ್ನು ಅದರಲ್ಲಿ ನೆನೆಹಾಕಿದೆ. ಅಷ್ಟು ಚೊಕ್ಕವಾಗಿ ಅವು ಯಾವತ್ತೂ ಆಗಿರಲಿಲ್ಲ.

ನವೆಂಬರ್ 30: ಸರಿಯಾದ ಕ್ರಮ

ನಮ್ಮ ಬೂದಿ ಸಾಲಲಿಲ್ಲ. ನೆರೆಮನೆಯಿಂದ ಎರಡು ಬಕೆಟ್ ತಂದು ಮತ್ತೆ 6 ಕೆ.ಜಿ. ಮಾಡಿದೆ. ಈ ಸಲ ಸಡಿಲವಾಗಿ ತುಂಬಿದ್ದರಿಂದ ಸಂಜೆಗೇ 7 ಲೀಟರ್ ಇಳಿಯಿತು. ಬತ್ತಿಸದೆ ಹಾಗೇ ಕುದಿಗೆ ಇಟ್ಟು, 350 ಗ್ರಾಂ ಸುಣ್ಣದ ಪುಡಿಯನ್ನು ನೀರಿನಲ್ಲಿ ಕಲಸಿ ಸ್ವಲ್ಪ ಸ್ವಲ್ಪವೇ ಸೇರಿಸಿದೆ. ಮುಕ್ಕಾಲು ಗಂಟೆ ಕುದಿ. ಅಡಿ ಹಿಡಿಯುತ್ತದೆ, ತೊಳಸುತ್ತಲೇ ಇರಬೇಕು. ರಾತ್ರಿ ಮುಚ್ಚಿಟ್ಟೆ.

ಬೆಳಿಗ್ಗೆ ಮೇಲೆ 6 ಲೀಟರ್ ತಿಳಿ ನೀರು, ಕೆಳಗೆ ಬಿಳಿ ಗಸಿ. ನಿಂಬೆರಸ ಹಿಂಡಿದರೆ ಒಂದು ಗುಳ್ಳೆಯೂ ಇಲ್ಲ! ಅತ್ತೆಯನ್ನು ಕರೆದು ತೋರಿಸಿದೆ. ತಿಳಿಯನ್ನು ಅಲುಗಾಡಿಸದೆ ಬಸಿದು, ಬಾಣಲೆಯಲ್ಲಿ 1.5 ಲೀಟರಿಗೆ ಬತ್ತಿಸಿದೆ. ಇದು ಮೊದಲಿನದ್ದರ ಹಾಗಲ್ಲ, ನಿಜವಾಗಿ ಸುಡುತ್ತದೆ. ಕನ್ನಡಕ, ಕೈಗವಸು, ಉದ್ದ ತೋಳಿನ ಅಂಗಿ ಬೇಕೇ ಬೇಕು. ಮಕ್ಕಳು ಆ ಕಡೆ ಬರಬಾರದು. ಬಾಯಿ ಭದ್ರವಾದ ಪ್ಲಾಸ್ಟಿಕ್ ಕ್ಯಾನಿಗೆ ತುಂಬಿ, ಮೇಲೆ ದೊಡ್ಡದಾಗಿ "ವಿಷ" ಅಂತ ಬರೆದಿಟ್ಟೆ. ಗಸಿಯನ್ನೂ ಸೋಸಿದ ಬೂದಿಯನ್ನೂ ತೋಟಕ್ಕೆ ಹಾಕಿದೆವು. ನಮ್ಮದು ಹುಳಿ ಮಣ್ಣು, ಸುಣ್ಣ ಅದಕ್ಕೆ ಒಳ್ಳೆಯದೇ.

ಡಿಸೆಂಬರ್ 1: ಎರಡನೇ ಸಲ, ಸೋಪಾಯಿತು

500 ಗ್ರಾಂ ಕೊಬ್ಬರಿ ಎಣ್ಣೆ. ಬೂದಿ ನೀರು 750 ಮಿ.ಲೀ., ಒಟ್ಟಿಗೆ ಸುರಿಯದೆ ಐದು ಸಲಕ್ಕೆ ಹಾಕಿದೆ. ಇಪ್ಪತ್ತು ನಿಮಿಷಕ್ಕೆ ಗಂಜಿಯ ಹಾಗೆ ದಪ್ಪವಾಯಿತು. ಆಮೇಲೆ ಒಮ್ಮೆಲೇ ಉಕ್ಕಿತು. ಬಾಣಲೆ ಅರ್ಧ ಖಾಲಿ ಇದ್ದರೂ ಅಂಚು ದಾಟಿ ಒಲೆಗೆ ಬಿತ್ತು. ಮಣಿಕಟ್ಟಿಗೆ ಒಂದು ಹನಿ ಸಿಡಿಯಿತು. ಹತ್ತು ನಿಮಿಷ ನಲ್ಲಿಯ ಕೆಳಗೆ ಹಿಡಿದೆ. ಕಡಲೆಕಾಳಿನಷ್ಟು ಕಲೆ ಈಗಲೂ ಇದೆ. ಇದಕ್ಕಿಂತ ದೊಡ್ಡ ಪಾತ್ರೆ ತೆಗೆದುಕೊಳ್ಳಿ. ಉರಿ ತೀರ ಸಣ್ಣದಿರಲಿ. ಪಕ್ಕದಲ್ಲಿ ಒಂದು ಬಕೆಟ್ ತಣ್ಣೀರು ಇರಲಿ.

ಎರಡೂವರೆ ಗಂಟೆ ತೊಳಸಿದೆ. ಹಾಲುಬಾಯಿ (ಅಕ್ಕಿ, ಬೆಲ್ಲ ಕಾಸಿ ಮಾಡುವ ಸಿಹಿ) ಬಾಣಲೆ ಬಿಟ್ಟು ಬರುತ್ತದಲ್ಲ, ಅದೇ ಹದ. ಅತ್ತೆಗೆ ಈ ಹದ ದೂರದಿಂದಲೇ ಗೊತ್ತಾಯಿತು. "ಈಗ ಇಳಿಸು" ಅಂದರು. ಒಂದು ಚೂರನ್ನು ಬಿಸಿ ನೀರಿನ ಲೋಟಕ್ಕೆ ಹಾಕಿದೆ. ಮೇಲೆ ಸಣ್ಣ ಎಣ್ಣೆ ಹನಿಗಳು ಕಂಡವು. ಇನ್ನೂ 60 ಮಿ.ಲೀ. ಬೂದಿ ನೀರು ಹಾಕಿ ಅರ್ಧ ಗಂಟೆ ತೊಳಸಿದ ಮೇಲೆ ನೀರು ತಿಳಿಯಾಗಿ ಉಳಿಯಿತು.

ಇಲ್ಲಿ ಇನ್ನೊಂದು ತಪ್ಪು ಮಾಡಿದೆ. ಖಾರ ಜಾಸ್ತಿಯಾಯಿತೇನೋ ಅಂತ ಅರಿಶಿನ ಹಾಕಿ ನೋಡಿದೆ. ಕೆಂಪಗಾಯಿತು. ಹೆದರಿ 50 ಗ್ರಾಂ ಎಣ್ಣೆ ಸೇರಿಸಿದೆ. ಆಗಲೂ ಕೆಂಪು. ಕೊನೆಗೆ ಅಂಗಡಿಯ ಸ್ನಾನದ ಸೋಪಿಗೇ ಅರಿಶಿನ ತಾಗಿಸಿದೆ, ಅದೂ ಕೆಂಪು. ಸಾರಿನ ಕಲೆಗೆ ಸೋಪು ಹಚ್ಚಿದರೆ ಕೆಂಪಾಗುವುದು ಎಲ್ಲರೂ ನೋಡಿದ್ದೇ ಅಲ್ವಾ? ಅರಿಶಿನದಿಂದ ಸೋಪು ಅಂತ ಗೊತ್ತಾಗುತ್ತದೆ, ಖಾರ ಹೆಚ್ಚೋ ಕಡಿಮೆಯೋ ಅಂತ ಗೊತ್ತಾಗುವುದಿಲ್ಲ. ಸುಮ್ನೆ 50 ಗ್ರಾಂ ಎಣ್ಣೆ ಜಾಸ್ತಿಯಾಯಿತು.

ಆರಿದ ಮೇಲೆ ಸಿಕ್ಕಿದ್ದು 1.2 ಕೆ.ಜಿ. ಕಂದು ಮುದ್ದೆ, ಬೆಲ್ಲದ ರವೆಯ ಬಣ್ಣ. ಬೂದಿಯ ಸೋಪು ಹೀಗೇ, ಗಟ್ಟಿಯಾಗುವುದಿಲ್ಲ. ತೆಂಗಿನ ನಾರಿಗೆ ಹಚ್ಚಿ ಎಣ್ಣೆ ಬಾಣಲೆ ತಿಕ್ಕಿದೆ. ಒಂದೇ ಸಲಕ್ಕೆ ಹೋಯಿತು. ನಮಗೆ ಪಾತ್ರೆ ತಿಕ್ಕಲು ಇದೇ ಸಾಕು, ಬೇರೆ ಬೇಡ.

ಡಿಸೆಂಬರ್ 8: ಉಪ್ಪು ಹಾಕಿ ಗಟ್ಟಿ ಮಾಡಲು ಹೋದದ್ದು

ಮುದ್ದೆ ಸೋಪನ್ನು ಬಿಸಿ ನೀರಿನಲ್ಲಿ ಕರಗಿಸಿ ಉಪ್ಪು ಹಾಕಿದರೆ ಗಟ್ಟಿ ಸೋಪು ಬೇರೆಯಾಗಿ ಮೇಲೆ ತೇಲುತ್ತದೆ. 700 ಗ್ರಾಂ ಮುದ್ದೆ, 1 ಲೀಟರ್ ನೀರು, 150 ಗ್ರಾಂ ಕಲ್ಲುಪ್ಪು. ಏನೂ ಆಗಲಿಲ್ಲ. 300 ಗ್ರಾಂ ಆಯಿತು. ಇನ್ನಷ್ಟು ತೆಳ್ಳಗಾಯಿತು ಅಷ್ಟೇ. 500 ಗ್ರಾಂ ಮುಟ್ಟಿದಾಗ ಕೊನೆಗೂ ಬಿಳಿ ಕಾಳು ಕಾಳಾಗಿ ಮೇಲೆ ಬಂತು.

ಕೊಬ್ಬರಿ ಎಣ್ಣೆಯ ಸೋಪು ಉಪ್ಪು ನೀರಿನಲ್ಲೂ ಕರಗುತ್ತದೆ, ನೊರೆಯನ್ನೂ ಕೊಡುತ್ತದೆ. ಹಡಗಿನವರು ಸಮುದ್ರದ ನೀರಿನಲ್ಲಿ ತೊಳೆಯಲು ಬಳಸುತ್ತಿದ್ದದ್ದು ಇದನ್ನೇ. ಹಾಗಾಗಿ ಅದನ್ನು ಉಪ್ಪಿನಿಂದ ಬೇರ್ಪಡಿಸುವುದು ಕಷ್ಟ. ನನಗೆ ಸಿಕ್ಕ ಬಿಲ್ಲೆಯಲ್ಲಿ ಸೋಪಿನ ಜೊತೆ ಉಪ್ಪೂ ಸೇರಿತ್ತು. ಒಣಗುತ್ತಾ ಬಿರುಕು ಬಿಟ್ಟು, ಮುಟ್ಟಿದರೆ ಪುಡಿಯಾಯಿತು. ಆ ಪುಡಿ ಬಚ್ಚಲು ತಿಕ್ಕಲು ಹೋಯಿತು.

ಉಳಿದ ಉಪ್ಪು ನೀರನ್ನು ಯೋಚಿಸದೆ ಬಚ್ಚಲ ಹಿಂದಿನ ಬಾಳೆ ಬುಡಕ್ಕೆ ಚೆಲ್ಲಿದೆ. ವಾರದೊಳಗೆ ಎಲೆಯ ಅಂಚೆಲ್ಲ ಸುಟ್ಟ ಹಾಗೆ ಒಣಗಿತು. ಈ ಸಾಲು ಬರೆಯುವಾಗಲೂ ಬೇಸರವಾಗುತ್ತದೆ, ಗೊನೆ ಹಾಕುವ ಗಿಡ ಅದು. ಉಪ್ಪು ನೀರನ್ನು ಗಿಡದಿಂದ ದೂರ ಚೆಲ್ಲಿ.

ಡಿಸೆಂಬರ್ 14: ಹೊಂಗೆ ಎಣ್ಣೆ

400 ಗ್ರಾಂ ಹೊಂಗೆ ಎಣ್ಣೆ, 100 ಗ್ರಾಂ ಕೊಬ್ಬರಿ ಎಣ್ಣೆ. ಕ್ಯಾನಿನಲ್ಲಿ ಉಳಿದಿದ್ದ ಬೂದಿ ನೀರಿನಲ್ಲಿ 600 ಮಿ.ಲೀ. ಹೊಂಗೆ ನಿಧಾನ. ಕೊಬ್ಬರಿಗೆ ಎರಡೂವರೆ ಗಂಟೆಯಾದರೆ ಇದಕ್ಕೆ ಐದು ಗಂಟೆ. ಇಬ್ಬರೂ ಸರದಿಯಲ್ಲಿ ತೊಳಸಿದೆವು. ಬಿಸಿ ನೀರಿನ ಲೋಟದಲ್ಲಿ ಎಣ್ಣೆ ಹನಿ ಕಾಣದಾದ ಮೇಲೆ 1 ಲೀಟರ್ ಬಿಸಿ ನೀರು ಸೇರಿಸಿ, 200 ಗ್ರಾಂ ಕಲ್ಲುಪ್ಪನ್ನು ಹಿಡಿ ಹಿಡಿಯಾಗಿ ಹಾಕಿದೆ.

ಮೂರನೇ ಹಿಡಿಗೇ ಹಾಲು ಒಡೆದ ಹಾಗೆ ಒಡೆಯಿತು! ಸೋಪು ಮೊಸರುಗಡ್ಡೆಯ ಹಾಗೆ ಮೇಲೆ, ಕಪ್ಪು ನೀರು ಕೆಳಗೆ. ತಣಿದ ಮೇಲೆ ಗಡ್ಡೆಯನ್ನು ಎತ್ತಿ, ಹೊಸ ನೀರಿನಲ್ಲಿ ಕರಗಿಸಿ, ಮತ್ತೊಮ್ಮೆ 200 ಗ್ರಾಂ ಉಪ್ಪು ಹಾಕಿದೆ. ಎರಡು ಸಲ ಮಾಡಿದರೆ ಬಿಲ್ಲೆ ಹೆಚ್ಚು ಗಟ್ಟಿ. ಬಣ್ಣ, ಕೊಳೆ ಕೂಡ ನೀರಿನ ಜೊತೆ ಹೋಗುತ್ತದೆ.

ಅಚ್ಚಿಗೆ ಎರಡು ಬಗೆ ಮಾಡಿದೆ. ಬಾಡಿಸಿದ ಬಾಳೆ ಎಲೆ ಹಾಸಿದ ಮರದ ಪೆಟ್ಟಿಗೆ ಒಂದು, ಅಡಿಕೆ ಹಾಳೆಯ ಬಟ್ಟಲು ಇನ್ನೊಂದು. ಬಾಳೆ ಎಲೆ ಸೋಪಿಗೆ ಅಂಟಿ ಚೂರು ಚೂರಾಗಿ ಉಳಿಯಿತು. ಹಾಳೆ ಬಟ್ಟಲು ಚೆನ್ನಾಗಿ ಬಿಟ್ಟಿತು, ನೀರನ್ನೂ ಸ್ವಲ್ಪ ಹೀರಿತು. ಇನ್ನು ಮುಂದೆ ಹಾಳೆಯೇ. ಹಸಿಯಲ್ಲಿ ತೂಕ 760 ಗ್ರಾಂ.

ಡಿಸೆಂಬರ್ 20: ಹೋಲಿಸಿ ನೋಡಲು ಕಾಸ್ಟಿಕ್

ಅದೇ ಹಳಸಿದ ಕೊಬ್ಬರಿ ಎಣ್ಣೆ 500 ಗ್ರಾಂ, ಕಾಸ್ಟಿಕ್ ಸೋಡಾ 78 ಗ್ರಾಂ, ನೀರು 190 ಗ್ರಾಂ. ಈ ಎಣ್ಣೆಗೆ ಪೂರ್ತಿ ಲೆಕ್ಕದ ಪ್ರಕಾರ 91 ಗ್ರಾಂ ಬೇಕು. ಆದರೆ ಬರೀ ಕೊಬ್ಬರಿ ಎಣ್ಣೆಯ ಸೋಪು ಮೈ ಒಣಗಿಸುತ್ತದೆ, ಅದಕ್ಕೇ ಸ್ವಲ್ಪ ಎಣ್ಣೆ ಉಳಿಯುವ ಹಾಗೆ ಕಡಿಮೆ ಹಾಕಿದ್ದು. ನೀರಿಗೆ ಸೋಡಾ ಹಾಕಬೇಕು, ಸೋಡಾಕ್ಕೆ ನೀರು ಸುರಿಯಬಾರದು. ಹೊಗೆ ಏಳುತ್ತದೆ, ಜಗಲಿಯಲ್ಲೇ ಮಾಡಿ. ಎಣ್ಣೆ, ಸೋಡಾ ನೀರು ಎರಡೂ ಉಗುರು ಬೆಚ್ಚಗಾದಾಗ ಬೆರೆಸಿ, ಅರ್ಧ ಗಂಟೆ ತಿರುವಿ, ಅಚ್ಚಿಗೆ ಹಾಕಿದೆ. ಒಟ್ಟು ಒಂದು ಗಂಟೆ.

ಮರುದಿನ ಕತ್ತರಿಸಲು ಹೋದರೆ ಗಾಜಿನ ಹಾಗೆ ಸೀಳಿ ಹೋಯಿತು. ಕೊಬ್ಬರಿ ಸೋಪನ್ನು ಅದೇ ದಿನ, ಇನ್ನೂ ಬೆಚ್ಚಗಿರುವಾಗ ಕೊಯ್ಯಬೇಕು.

ಜನವರಿ 26: ಬಳಸಿ ನೋಡಿದ್ದು

ಅಟ್ಟದಲ್ಲಿ ಬಿದಿರಿನ ತಟ್ಟಿಯ ಮೇಲೆ ಬಿಲ್ಲೆಗಳನ್ನು ಬಿಡಿ ಬಿಡಿಯಾಗಿ ಇಟ್ಟು ಒಣಗಿಸಿದ್ದೆ. ಹೊಂಗೆ ಸೋಪು 760 ಗ್ರಾಮಿನಿಂದ 610 ಗ್ರಾಮಿಗೆ ಇಳಿದಿದೆ. ಉಗುರು ಒತ್ತಿದರೆ ಗೀರು ಬೀಳುತ್ತದೆ, ಕುಳಿ ಬೀಳುವುದಿಲ್ಲ. ಅಂಗಡಿಯ ಬಾರ್ ಸೋಪಿನಷ್ಟು ಗಟ್ಟಿ ಅಲ್ಲ.

ತೋಟದ ಬಟ್ಟೆ ಒಗೆದೆ. ಮಣ್ಣು, ಬೆವರು, ಕಾಲರಿನ ಎಣ್ಣೆ ಜಿಡ್ಡು ಹೋಯಿತು. ಬಾಳೆ ಕಲೆ ಹೋಗಲಿಲ್ಲ, ಅದು ಯಾವುದಕ್ಕೂ ಹೋಗುವುದಿಲ್ಲ ಬಿಡಿ. ಹೊಂಗೆ ವಾಸನೆ ಒದ್ದೆ ಬಟ್ಟೆಯಲ್ಲಿ ಇರುತ್ತದೆ, ಬಿಸಿಲಲ್ಲಿ ಒಣಗಿದ ಮೇಲೆ ಮುಕ್ಕಾಲು ಪಾಲು ಹೋಗುತ್ತದೆ. ಇವರಿಗೆ ಆ ವಾಸನೆ ಆಗುವುದಿಲ್ಲ. ಅತ್ತೆಗೆ ಇಷ್ಟ, ದೀಪದ ನೆನಪಾಗುತ್ತದಂತೆ. ರೇಷ್ಮೆ ಸೀರೆಗೆ ಇದನ್ನು ಹಾಕಬೇಡಿ. ಅದಕ್ಕೆ ಅಂಟುವಾಳವೇ ಸರಿ.

ಸ್ನಾನಕ್ಕೆ ನಾವು ಬಳಸುವುದು ಕಾಸ್ಟಿಕ್ ಹಾಕಿದ ಸೋಪನ್ನು ಮಾತ್ರ. ಅದರಲ್ಲಿ ಪ್ರತಿಯೊಂದನ್ನೂ ತೂಗಿ ಹಾಕಿದ್ದೇನೆ. ಬೂದಿ ನೀರಿನ ಖಾರ ಪ್ರತಿ ಸಲ ಬೇರೆ, ಅದನ್ನು ಮೈಗೆ ಹಚ್ಚಲು ನನಗೆ ಧೈರ್ಯವಿಲ್ಲ. ಕಮಟು ವಾಸನೆ ಒಣಗಿದ ಮೇಲೆ ಬಹಳ ಕಡಿಮೆಯಾಗಿದೆ, ಆದರೆ ಮೂಗಿನ ಹತ್ತಿರ ಹಿಡಿದರೆ ತಿಳಿಯುತ್ತದೆ.

ಖರ್ಚು: ತಕ್ಕಡಿ 450, ಹೊಂಗೆ ಎಣ್ಣೆ 180, ಕೈಗವಸು 120, ಕಾಸ್ಟಿಕ್ 110, ಸುಣ್ಣ 60, ಉಪ್ಪು 60. ಒಟ್ಟು 980 ರೂಪಾಯಿ. ಬೂದಿ, ಸೌದೆ, ನೀರು ಮನೆಯದ್ದು. ತಕ್ಕಡಿ ಬಿಟ್ಟರೆ 530. ಮೊದಲ ಸಲ ಬೇರೆಯಾಗಿ ನಿಂತ ಎಣ್ಣೆಯನ್ನು ಎತ್ತಿಟ್ಟಿದ್ದೇನೆ, ಅದು ಮುಂದಿನ ಮುದ್ದೆ ಸೋಪಿಗೆ.

ಡಬ್ಬಿಯಲ್ಲಿ ಇನ್ನೂ 4 ಕೆ.ಜಿ.ಗಿಂತ ಜಾಸ್ತಿ ಎಣ್ಣೆ ಇದೆ. ಬಾಳೆಯ ಬೂದಿಯಲ್ಲಿ ಖಾರ ಜಾಸ್ತಿ ಅಂತ ಅತ್ತೆ ಹೇಳುತ್ತಲೇ ಇದ್ದರು. ಗೊನೆ ಕಡಿದ ಎಂಟು ಬಾಳೆ ದಿಂಡುಗಳನ್ನು ಸೀಳಿ ಅಂಗಳದಲ್ಲಿ ಹರಡಿದ್ದೇವೆ. ನೀರೇ ತುಂಬಿರುವ ದಿಂಡು, ಹನ್ನೊಂದು ದಿನ ಬಿಸಿಲು ಕಂಡರೂ ಒಳಗೆ ಇನ್ನೂ ಹಸಿ. ಒಣಗಿದ ಮೇಲೆ ಬೇರೆಯಾಗಿ ಸುಟ್ಟು, ಆ ಬೂದಿಯನ್ನೇ ತೂಗಿ, 100 ಮಿ.ಲೀ. ನೀರಿನ ತೂಕ ಎಷ್ಟು ಬರುತ್ತದೆ ಅಂತ ಬರೆಯುತ್ತೇನೆ.